ಗುಡ್ಡದ ಮೇಲೆ ಕಂಡ ಬೆಳಕು: ವಾಯುಪಡೆಗೆ ತಿಳಿಸಿದರೆ ತನಿಖೆಯಾಗುತ್ತದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ನಗರದ ಸಮೀಪದ ಹಳ್ಳಿ. 2025ರ ಜನವರಿ ಮೂರನೆಯ ವಾರದಲ್ಲಿ ಒಂದು ರಾತ್ರಿ ಮಗನೊಂದಿಗೆ ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ, ಸುಮಾರು 8.45ರ ಹೊತ್ತಿಗೆ, ಪಶ್ಚಿಮದ ಗುಡ್ಡದ ಮೇಲೆ ಬಹಳ ಪ್ರಖರವಾದ ಬೆಳಕೊಂದು ಕಂಡಿತು. ನಾವು ಹೋದಷ್ಟು ದೂರವೂ ಅದು ಜೊತೆಗೇ ಬಂತು. ಮನೆಯ ಅಂಗಳದಲ್ಲಿ ನಿಂತಾಗ ಅದೂ ನಿಂತಿತು. ನಡುನಡುವೆ ಕೆಂಪು, ಹಸಿರು ಬಣ್ಣ ತೋರಿಸುತ್ತ, 9 ಗಂಟೆ ದಾಟಿದ ಮೇಲೆ ನಿಧಾನವಾಗಿ ಗುಡ್ಡದ ಹಿಂದೆ ಇಳಿದು ಮರೆಯಾಯಿತು. ಮಗ ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ಅದು ತಟ್ಟೆಯಂತೆ ಕಾಣುತ್ತದೆ. ಎರಡು ದಿನ ಬಿಟ್ಟು ಮನೆಯವರೂ ಅದೇ ಜಾಗದಲ್ಲಿ ಅದನ್ನು ಕಂಡರು. ಅಮೆರಿಕದಲ್ಲಿ ಸಾಮಾನ್ಯ ಜನರು ಇಂಥದ್ದನ್ನು ಕಂಡರೆ ಸೇನೆಯೇ ತನಿಖೆ ಮಾಡುತ್ತದೆಂದು ಓದಿದ್ದೇನೆ. ನಮ್ಮ ವಾಯುಪಡೆಗೆ ಬರೆದರೆ ತನಿಖೆಯಾಗುತ್ತದೆಯೇ? ಆದರೆ ನಿಜ ಹೇಳುತ್ತಾರೆಯೇ?

ಉತ್ತರ: ಸೇನೆಯ ತನಿಖೆಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಮೊದಲು ಹೇಳಿ, ನಿಮ್ಮ ಬೆಳಕಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಯಾವ ದೇಶದ ಸೇನೆಯಾದರೂ ಇಂತಹ ವರದಿ ಕೈಸೇರಿದಾಗ ಮುಖ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ದೇಶದ ವಾಯುಸೀಮೆಗೆ ಅಪಾಯವಿದೆಯೇ? ಇಲ್ಲವೆಂದು ಮನವರಿಕೆಯಾದೊಡನೆ ಅದರ ಮಟ್ಟಿಗೆ ಕೆಲಸ ಮುಗಿಯುತ್ತದೆ. ಕಂಡವರ ಪ್ರಶ್ನೆ ಬೇರೆ. ನಾನು ಕಂಡದ್ದು ಏನು ಎಂದು ತಿಳಿಯುವವರೆಗೆ ಅವರಿಗೆ ಸಮಾಧಾನವಿಲ್ಲ. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿದದ್ದರಿಂದಲೇ, 1947ರಿಂದ ಇಂದಿನವರೆಗೆ, ಸಾಕ್ಷಿ ಹೇಳಿದವರಿಗೂ ತನಿಖೆ ಮಾಡಿದವರಿಗೂ ನಡುವೆ ಇಷ್ಟೊಂದು ಕಹಿ ಬೆಳೆದಿದೆ ಎಂಬುದು ಹಳೆಯ ಕಡತಗಳನ್ನು ಓದಿದ ಮೇಲೆ ನನಗೆ ಮೂಡಿರುವ ಅಭಿಪ್ರಾಯ.

1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ವ್ಯಾಪಾರಿ ತಮ್ಮ ಸಣ್ಣ ವಿಮಾನದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಹಾರುತ್ತಿದ್ದಾಗ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡರು. ಅವರು ಮಾಡಿದ ಒಂದು ಕೆಲಸ ಇಂದಿಗೂ ಮೆಚ್ಚತಕ್ಕದ್ದು. ಆ ವಸ್ತುಗಳು ರೇನಿಯರ್ ಶಿಖರದಿಂದ ಆಡಮ್ಸ್ ಶಿಖರದವರೆಗೆ ಸಾಗಲು ತೆಗೆದುಕೊಂಡ ಸಮಯವನ್ನು ವಿಮಾನದ ಗಡಿಯಾರ ನೋಡಿ ಗುರುತು ಮಾಡಿಕೊಂಡರು: 1 ನಿಮಿಷ 42 ಸೆಕೆಂಡು. ಎರಡು ಶಿಖರಗಳ ನಡುವಿನ ದೂರ ಸುಮಾರು 47 ಮೈಲಿಯಾದ್ದರಿಂದ ವೇಗ ಗಂಟೆಗೆ 1,600 ಮೈಲಿಯನ್ನು ಮೀರುತ್ತಿತ್ತು. ತಪ್ಪಿಗೆ ಅವಕಾಶ ಬಿಟ್ಟು ಅವರು ಅದನ್ನು 1,200ಕ್ಕೆ ಇಳಿಸಿ ಹೇಳಿದರು. ಮನುಷ್ಯನಿದ್ದ ವಿಮಾನವೊಂದು ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಿದ್ದು ಅದೇ ವರ್ಷದ ಅಕ್ಟೋಬರ್ 14ರಂದು ಎಂಬುದನ್ನು ನೆನೆದರೆ, ಸೇನೆ ಏಕೆ ಬೆಚ್ಚಿತು ಎಂಬುದು ಅರ್ಥವಾಗುತ್ತದೆ. ಅವರ ತಲೆಯಲ್ಲಿದ್ದ ಭಯ ಸೋವಿಯತ್ ರಷ್ಯಾದ ಹೊಸ ಅಸ್ತ್ರದ್ದು. ಜುಲೈಯಲ್ಲಿ ಸೇನೆಯ ಇಬ್ಬರು ಗುಪ್ತಚರ ಅಧಿಕಾರಿಗಳು ಆರ್ನಾಲ್ಡ್ ಅವರ ಊರಾದ ಐಡಾಹೊದ ಬಾಯ್ಸಿಗೆ ಹೋಗಿ ಹೇಳಿಕೆ ಪಡೆದು, ಆತ ತಾನು ಹೇಳಿದ್ದನ್ನು ನಿಜವಾಗಿಯೂ ಕಂಡಿದ್ದಾನೆಂದೇ ತಮ್ಮ ಅಭಿಪ್ರಾಯವೆಂದು ವರದಿ ಬರೆದರು. ಕೆಲವೇ ವಾರಗಳಲ್ಲಿ ಇಂತಹದೇ ಇನ್ನೊಂದು ವಿಚಾರಣೆ ಮುಗಿಸಿ ಮರಳುವಾಗ ಆ ಇಬ್ಬರೂ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಾಮಾನ್ಯ ನಾಗರಿಕರ ಮಾತನ್ನು ಗಂಭೀರವಾಗಿ ಆಲಿಸಿದ ಆ ಮೊದಲಿಗರನ್ನು ಇಂದು ನೆನೆಯುವವರು ಕಡಿಮೆ.

ಆರ್ನಾಲ್ಡ್ ಅವರ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ವಸ್ತುಗಳು ಆ ಶಿಖರಗಳಷ್ಟೇ ದೂರದಲ್ಲಿದ್ದವು ಎಂಬುದು. ಅವು ಅರ್ಧದಷ್ಟೇ ದೂರದಲ್ಲಿದ್ದರೆ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಬರಿಗಣ್ಣಿನಿಂದ ನೋಡಿದಾಗ ನಮಗೆ ದಕ್ಕುವುದು ಕೋನ ಮಾತ್ರ, ದೂರ ದಕ್ಕುವುದಿಲ್ಲ. ದೂರ ತಿಳಿಯದೆ ಗಾತ್ರವೂ ತಿಳಿಯದು, ವೇಗವೂ ತಿಳಿಯದು. ಅಮೆರಿಕದ ನೌಕಾಪಡೆಯ ವಿಮಾನ ಚಿತ್ರೀಕರಿಸಿದ, ‘ಗೋಫಾಸ್ಟ್’ ಎಂದು ಹೆಸರಾದ ವಿಡಿಯೊದಲ್ಲಿ ಸಮುದ್ರದ ಮೇಲೆ ಮಿಂಚಿನಂತೆ ಓಡುವಂತೆ ಕಾಣುವ ವಸ್ತುವನ್ನು ನಾಸಾ ನೇಮಿಸಿದ ಸ್ವತಂತ್ರ ತಂಡ 2023ರಲ್ಲಿ ತ್ರಿಕೋನಮಿತಿಯಿಂದ ಪರಿಶೀಲಿಸಿದಾಗ, ಅದು ಸುಮಾರು 13,000 ಅಡಿ ಎತ್ತರದಲ್ಲಿ ಗಂಟೆಗೆ 40 ಮೈಲಿಯಷ್ಟು ವೇಗದಲ್ಲಿ, ಅಂದರೆ ಗಾಳಿಯಲ್ಲಿ ತೇಲುವ ವಸ್ತುವಿನಂತೆ, ಸಾಗುತ್ತಿತ್ತೆಂದು ತಿಳಿಯಿತು. ಓಡುತ್ತಿದ್ದದ್ದು ಕ್ಯಾಮೆರಾ ಹೊತ್ತಿದ್ದ ಜೆಟ್.

ಆರ್ನಾಲ್ಡ್ ಪ್ರಕರಣದ ನಂತರ ಅಮೆರಿಕದ ವಾಯುಪಡೆ 1948ರಲ್ಲಿ ‘ಸೈನ್’, 1949ರಲ್ಲಿ ‘ಗ್ರಡ್ಜ್’, 1952ರಿಂದ ‘ಬ್ಲೂ ಬುಕ್’ ಎಂಬ ಹೆಸರುಗಳಲ್ಲಿ ತನಿಖೆ ನಡೆಸಿ, 1969ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿತು. ಕಚೇರಿ ಇದ್ದದ್ದು ಒಹಾಯೊದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ. ಕೊನೆಯ ವರ್ಷಗಳಲ್ಲಿ ಅಲ್ಲಿ ಇದ್ದವರು ಬೆರಳೆಣಿಕೆಯ ಜನ. ಸಮೀಪದ ವಾಯುನೆಲೆಯ ಅಧಿಕಾರಿ ಮೊದಲು ವಿಚಾರಿಸುವುದು, ಸಾಕ್ಷಿಯಿಂದ ದೀರ್ಘವಾದ ಪ್ರಶ್ನಾವಳಿ ತುಂಬಿಸುವುದು, ಅದನ್ನು ವಿಮಾನಗಳ, ಹವಾಮಾನ ಬಲೂನುಗಳ, ಗ್ರಹತಾರೆಗಳ ದಾಖಲೆಯೊಂದಿಗೆ ತಾಳೆ ನೋಡುವುದು, ಇದು ಕ್ರಮ. ಒಟ್ಟು 12,618 ವರದಿಗಳಲ್ಲಿ 701 ‘ಗುರುತಿಸಲಾಗದವು’ ಎಂದು ಉಳಿದವು. ಈ 701ನ್ನು ಅನ್ಯಲೋಕದ ನೌಕೆಗಳ ಎಣಿಕೆಯೆಂಬಂತೆ ಉಲ್ಲೇಖಿಸುವವರಿದ್ದಾರೆ. ಗುರುತಿಸಿದೆವೆಂದ ಉಳಿದವೆಲ್ಲವೂ ಚೊಕ್ಕವಾಗಿ ಬಗೆಹರಿದವೆಂದು ಹೇಳುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪಲಾರೆ. ಕೆಲವಕ್ಕೆ ಅವಸರದಲ್ಲಿ ಹಣೆಪಟ್ಟಿ ಅಂಟಿಸಲಾಗಿತ್ತು. ಇನ್ನು ಕೆಲವು, ನ್ಯೂ ಮೆಕ್ಸಿಕೊದ ಸೊಕೊರೊದಲ್ಲಿ 1964ರ ಏಪ್ರಿಲ್ 24ರಂದು ಲಾನಿ ಜಮೋರ ಎಂಬ ಪೊಲೀಸ್ ಅಧಿಕಾರಿ ಕಂಡ ಮೊಟ್ಟೆಯಾಕಾರದ ವಸ್ತುವಿನಂತಹವು, ನೆಲದ ಮೇಲಿನ ಗುರುತು, ಸುಟ್ಟ ಪೊದೆ, ಅಂದೇ ಸಂಜೆ ಸ್ಥಳಕ್ಕೆ ಬಂದ ಸೇನಾಧಿಕಾರಿಯ ಟಿಪ್ಪಣಿ ಎಲ್ಲ ಇದ್ದೂ ಬಗೆಹರಿಯಲಿಲ್ಲ. ಬ್ಲೂ ಬುಕ್ಕಿನ ಕೊನೆಯ ಮುಖ್ಯಸ್ಥ ಹೆಕ್ಟರ್ ಕ್ವಿಂಟಾನಿಲ್ಲಾ ಅವರೇ ಇದನ್ನು ಅತ್ಯಂತ ಚೆನ್ನಾಗಿ ದಾಖಲಾದ ಪ್ರಕರಣವೆಂದು ಬರೆದರು. ಗೊತ್ತಾಗಲಿಲ್ಲವೆಂದು ಸೇನಾಧಿಕಾರಿಯೊಬ್ಬರು ಬರಹದಲ್ಲಿ ಒಪ್ಪಿಕೊಂಡದ್ದನ್ನು ನಾನು ಆ ಸಂಸ್ಥೆಯ ಒಳ್ಳೆಯ ಗಳಿಗೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ನಿಜ ಹೇಳುತ್ತಾರೆಯೇ ಎಂದು ಕೇಳಿದ್ದೀರಿ. ಮುಚ್ಚಿಟ್ಟದ್ದು ಉಂಟು, ಆದರೆ ಮುಚ್ಚಿಟ್ಟದ್ದು ಬಹುಪಾಲು ತಮ್ಮದೇ ಗುಟ್ಟುಗಳನ್ನು. 1948ರ ಜನವರಿ 7ರಂದು ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಆಕಾಶದಲ್ಲಿದ್ದ ಹೊಳೆಯುವ ವಸ್ತುವನ್ನು ಬೆನ್ನಟ್ಟಿ, ಆಮ್ಲಜನಕದ ಸೌಲಭ್ಯವಿಲ್ಲದೆ ಅತಿ ಎತ್ತರಕ್ಕೇರಿ, ವಿಮಾನ ಬಿದ್ದು ಸತ್ತರು. ಅವರು ಕಂಡದ್ದು ಶುಕ್ರಗ್ರಹವೆಂದು ವಾಯುಪಡೆ ಮೊದಲು ಹೇಳಿತು. ಹಾಡಹಗಲಿನಲ್ಲಿ ನಡೆದ ಘಟನೆಗೆ ಆ ವಿವರಣೆ ನಿಲ್ಲಲಿಲ್ಲ. ಅದು ನೌಕಾಪಡೆಯ ರಹಸ್ಯ ಯೋಜನೆಯಾಗಿದ್ದ ಸ್ಕೈಹುಕ್ ಬಲೂನ್ ಇದ್ದಿರಬೇಕೆಂಬ ಹೆಚ್ಚು ನಂಬತಕ್ಕ ವಿವರಣೆ ಬಂದದ್ದು ಆಮೇಲೆ. 1950ರ ದಶಕದಲ್ಲಿ, ಪ್ರಯಾಣಿಕ ವಿಮಾನಗಳು 20,000 ಅಡಿಯ ಆಸುಪಾಸಿನಲ್ಲಿ ಹಾರುತ್ತಿದ್ದ ಕಾಲಕ್ಕೆ, ಯು-2 ಗೂಢಚಾರ ವಿಮಾನ 60,000 ಅಡಿಗೂ ಮೇಲೆ ಹಾರುತ್ತಿತ್ತು. ಕೆಳಗೆ ಕತ್ತಲಾದ ಮೇಲೂ ಅದರ ರೆಕ್ಕೆಗಳ ಮೇಲೆ ಸೂರ್ಯನ ಬೆಳಕು ಬೀಳುತ್ತಿತ್ತು. ಆ ಕಾಲದ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂತಹ ಹಾರಾಟಗಳದ್ದೆಂದು ಸಿಐಎ ಪರವಾಗಿ ಬರೆದ ಇತಿಹಾಸಕಾರರೊಬ್ಬರು 1997ರಲ್ಲಿ ಹೇಳಿದರು. ಆ ಪ್ರಮಾಣವನ್ನು ಒಪ್ಪದವರಿದ್ದಾರೆ, ಆದರೆ ತನಿಖೆ ಮಾಡುವವರಿಗೆ ಉತ್ತರ ಗೊತ್ತಿದ್ದೂ ಸಾಕ್ಷಿಗೆ ಹೇಳಲಾಗದ ಪ್ರಸಂಗಗಳಿದ್ದವು ಎಂಬುದು ಸ್ಪಷ್ಟ. ಇದಕ್ಕೆ ಇನ್ನೊಂದು ನಿಯಮವೂ ಸೇರಿತು. ಬಗೆಹರಿದ ಪ್ರಕರಣಗಳ ವಿವರವನ್ನು ಮಾತ್ರ ಪತ್ರಿಕೆಗಳಿಗೆ ಹೇಳಬಹುದೆಂದು ವಾಯುಪಡೆ 1954ರಲ್ಲಿ ಆದೇಶಿಸಿತು. ಬಗೆಹರಿಯದವುಗಳ ಬಗ್ಗೆ ಮೌನವಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದನ್ನು ಆ ಆದೇಶ ಬರೆದವರು ಯೋಚಿಸಬೇಕಿತ್ತು.

ಸಾಕ್ಷಿಯನ್ನು ಹಗುರವಾಗಿ ಕಂಡರೆ ಆಗುವ ಹಾನಿಗೆ 1966ರ ಮಾರ್ಚ್ ತಿಂಗಳ ಮಿಷಿಗನ್ ಪ್ರಸಂಗ ಸಾಕು. ಜೌಗಿನ ಮೇಲೆ ಹತ್ತಾರು ಜನ ಕಂಡ ಬೆಳಕುಗಳಿಗೆ ಜೌಗಿನ ಅನಿಲ ಕಾರಣವಿರಬಹುದೆಂದು ವಾಯುಪಡೆಯ ಸಲಹೆಗಾರರಾಗಿದ್ದ ಖಗೋಳಶಾಸ್ತ್ರಜ್ಞ ಜೆ. ಅಲೆನ್ ಹೈನೆಕ್ ಹೇಳಿದರು. ನಮ್ಮ ಮಲೆನಾಡಿನಲ್ಲಿ ಗದ್ದೆ ಬಯಲಿನ ಕೊಳ್ಳಿದೆವ್ವದ ಮಾತು ಕೇಳಿ ಬೆಳೆದವರಿಗೆ ಆ ವಿವರಣೆ ಅಪರಿಚಿತವಲ್ಲ. ಅಲ್ಲಿಯ ಜನರಿಗೆ ಮಾತ್ರ ಅದು ತಮ್ಮನ್ನು ಮೂಢರೆಂದಂತೆ ಕೇಳಿಸಿತು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಆ ರಾಜ್ಯದ ಸಂಸದರಾಗಿದ್ದು, ಸಂಸತ್ತಿನ ವಿಚಾರಣೆಯನ್ನೇ ಒತ್ತಾಯಿಸಿದರು.

ಈಗ ನಮ್ಮ ದೇಶಕ್ಕೆ ಬರೋಣ. ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಉದಾಹರಣೆ ಇಲ್ಲಿಯದೇ, ಮತ್ತು ಅದು ಬಗೆಹರಿದದ್ದು ಬೆಂಗಳೂರಿನವರಿಂದ. 2012ರ ಆಗಸ್ಟಿನಿಂದ ಲಡಾಖಿನ ಗಡಿಯಲ್ಲಿ ಸೇನೆ ಮತ್ತು ಇಂಡೊ-ಟಿಬೆಟನ್ ಗಡಿ ಪೊಲೀಸ್ ಪಡೆಯ ಕಾವಲುಗಾರರು ಹಳದಿ ಬಣ್ಣದ ಗೋಳಗಳು ಚೀನಾದ ಕಡೆಯ ಕ್ಷಿತಿಜದಿಂದ ಮೇಲೆದ್ದು, ಗಂಟೆಗಟ್ಟಲೆ ಆಕಾಶದಲ್ಲಿ ನಿಧಾನವಾಗಿ ಸಾಗಿ ಮರೆಯಾಗುವುದನ್ನು ವರದಿ ಮಾಡತೊಡಗಿದರು. ಇವು ಚೀನಾದ ಗೂಢಚಾರ ಡ್ರೋನುಗಳೇ ಎಂಬ ಶಂಕೆ ಸಹಜವಾಗಿತ್ತು. ಪಾಂಗಾಂಗ್ ಸರೋವರದ ಬಳಿ ರಾಡಾರ್ ಮತ್ತು ತರಂಗ ವಿಶ್ಲೇಷಕ ತಂದು ನಿಲ್ಲಿಸಿದರು. ಕಣ್ಣಿಗೆ ಕಾಣುತ್ತಿದ್ದುದು ರಾಡಾರಿಗೆ ಸಿಗಲಿಲ್ಲ. ಸಣ್ಣ ಡ್ರೋನೊಂದನ್ನು ಅದರತ್ತ ಕಳಿಸಿದರು. ಅದಕ್ಕೂ ಏನೂ ಸಿಗಲಿಲ್ಲ. ಡಿಆರ್‌ಡಿಒ, ಎನ್‌ಟಿಆರ್‌ಒ ಎಂಬ ರಕ್ಷಣಾ ಸಂಶೋಧನೆಯ ಮತ್ತು ತಾಂತ್ರಿಕ ಗುಪ್ತಚರದ ಸಂಸ್ಥೆಗಳೂ ಪರಿಶೀಲಿಸಿದವು. 2013ರ ಫೆಬ್ರುವರಿಯ ಹೊತ್ತಿಗೆ ಸೇನೆ ದಾಖಲಿಸಿದ ದರ್ಶನಗಳು 329. ಅದರಲ್ಲಿ 155 ಬಾರಿ ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿವೆಯೆಂದು ಬರೆದುಕೊಳ್ಳಲಾಗಿತ್ತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಅವುಗಳ ದಿಕ್ಕು, ಎತ್ತರ ಮತ್ತು ಸಮಯವನ್ನು ಆಕಾಶಕಾಯಗಳ ಚಲನೆಯೊಂದಿಗೆ ತಾಳೆ ನೋಡಿ, ಸಂಜೆ ಮೂಡುತ್ತಿದ್ದುದು ಗುರು, ಬೆಳಗಿನ ಜಾವ ಮೂಡುತ್ತಿದ್ದುದು ಶುಕ್ರ ಎಂದು ತೀರ್ಮಾನಿಸಿದರು.

ಈ ಪ್ರಸಂಗದಲ್ಲಿ ಸೈನಿಕರನ್ನು ನೋಡಿ ನಗುವಂಥದ್ದು ಏನೂ ಇಲ್ಲ. ಅಷ್ಟು ಎತ್ತರದ ತಿಳಿಯಾದ, ಧೂಳಿಲ್ಲದ ಗಾಳಿಯಲ್ಲಿ ಗ್ರಹಗಳು ನಾವು ಬಯಲುಸೀಮೆಯಲ್ಲಿ ಕಾಣುವುದಕ್ಕಿಂತ ಬಹಳ ಪ್ರಖರವಾಗಿರುತ್ತವೆ. ಎದುರಿಗೆ ಶತ್ರುಸೇನೆ ಇರುವಾಗ ಕಾವಲುಗಾರ ಪ್ರತಿಯೊಂದು ಬೆಳಕನ್ನೂ ಶಂಕಿಸಲೇಬೇಕು. ಅವರು ಸಮಯವನ್ನೂ ದಿಕ್ಕನ್ನೂ ಶ್ರದ್ಧೆಯಿಂದ ಬರೆದಿಟ್ಟದ್ದರಿಂದಲೇ ಒಗಟು ಬಿಡಿಸಲು ಸಾಧ್ಯವಾಯಿತು. ಆದರೆ ಆಕಾಶ ಬಲ್ಲವರನ್ನು ಮೊದಲ ವಾರದಲ್ಲೇ ಕೇಳಿದ್ದರೆ ಅಷ್ಟು ತಿಂಗಳುಗಳ ಆತಂಕ ತಪ್ಪುತ್ತಿತ್ತು.

ಇನ್ನೊಂದು ಪ್ರಸಂಗ 2023ರ ನವೆಂಬರ್ 19ರದು. ಇಂಫಾಲ ವಿಮಾನ ನಿಲ್ದಾಣದ ಬಳಿ ಹಾಡಹಗಲಲ್ಲೇ ವಸ್ತುವೊಂದು ಕಂಡಿತೆಂದು ವಿಮಾನ ಸಂಚಾರ ನಿಂತಿತು. ವಾಯುಪಡೆ ತನ್ನ ವಾಯುರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿ, ಪಶ್ಚಿಮ ಬಂಗಾಳದ ಹಾಸಿಮಾರಾ ವಾಯುನೆಲೆಯಿಂದ ರಫೇಲ್ ಯುದ್ಧವಿಮಾನಗಳನ್ನು ಕಳಿಸಿತು. ಬಳಿಕ ಆ ಸಣ್ಣ ವಸ್ತು ಕಾಣಲಿಲ್ಲವೆಂದು ಪೂರ್ವ ವಾಯು ಕಮಾಂಡ್ ಪ್ರಕಟಿಸಿತು. ಅಪಾಯದ ಪ್ರಶ್ನೆಗೆ ಉತ್ತರ ಸಿಕ್ಕಿತು, ವಸ್ತು ಏನೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆದ್ದರಿಂದ, ಹೊಸನಗರದ ಗುಡ್ಡದ ಮೇಲೆ ಬೆಳಕು ಕಂಡಿತೆಂದು ನೀವು ಬರೆದರೆ ವಾಯುಪಡೆಯ ತಂಡ ನಿಮ್ಮ ಅಂಗಳಕ್ಕೆ ಬರುತ್ತದೆಂದು ನಿರೀಕ್ಷಿಸಬೇಡಿ. ಅಂದು ರಾತ್ರಿ ಅನುಮತಿಯಿಲ್ಲದ ಹಾರಾಟವಿತ್ತೇ ಎಂದು ದಾಖಲೆ ನೋಡುವುದು ಅವರಿಂದ ಆಗಬಹುದಾದ ಕೆಲಸ. ರಾಡಾರಿನಲ್ಲಿ ಏನೂ ಇರಲಿಲ್ಲವೆಂಬ ಉತ್ತರ ಬಂದರೂ ಅದರಿಂದ ನಿಮಗೆ ಹೆಚ್ಚು ತಿಳಿಯುವುದಿಲ್ಲ. ರಾಡಾರ್ ನೋಡುವುದು ನೇರ ರೇಖೆಯಲ್ಲಿ. ಕೊಡಚಾದ್ರಿಯಂತಹ ಬೆಟ್ಟಗಳ ಮರೆಯಲ್ಲಿ ತಗ್ಗಾಗಿ ಹಾರುವುದು ಅದಕ್ಕೆ ಸಿಗದಿರಬಹುದು. ತೀರ ನಿಧಾನವಾಗಿ ಚಲಿಸುವವನ್ನು ಹಕ್ಕಿ, ಮೋಡಗಳ ಗೊಂದಲವೆಂದು ಅದು ತಾನೇ ಸೋಸಿಬಿಡುತ್ತದೆ. 2023ರ ಫೆಬ್ರುವರಿಯಲ್ಲಿ ಚೀನಾದ ಬಲೂನನ್ನು ಹೊಡೆದುರುಳಿಸಿದ ಬಳಿಕ ಅಮೆರಿಕದವರು ಆ ಸೋಸುವಿಕೆಯನ್ನು ಸಡಿಲಿಸಿದಾಗಲೇ ಇನ್ನಷ್ಟು ವಸ್ತುಗಳು ಅವರ ಪರದೆಯಲ್ಲಿ ಕಾಣಿಸಿಕೊಂಡದ್ದು.

ಇನ್ನು ನಿಮ್ಮ ಬೆಳಕು. ಮ್ಯಾಂಟೆಲ್ ಪ್ರಕರಣದಲ್ಲಿ ಶುಕ್ರನ ಹೆಸರು ತಪ್ಪಾಗಿ ಬಳಕೆಯಾದದ್ದನ್ನು ಮೇಲೆ ಹೇಳಿದವನೇ ಈಗ ಶುಕ್ರನ ಹೆಸರೆತ್ತುತ್ತಿದ್ದೇನೆ. ಆದ್ದರಿಂದ ಬರೀ ಹೆಸರು ಹೇಳಿ ಬಿಡದೆ, ನೀವೇ ಪರೀಕ್ಷಿಸಬಹುದಾದ ವಿವರ ಕೊಡುವುದು ನನ್ನ ಕರ್ತವ್ಯ. 2025ರ ಜನವರಿ 10ರಂದು ಶುಕ್ರ ಸೂರ್ಯನಿಂದ ತನ್ನ ಗರಿಷ್ಠ ದೂರಕ್ಕೆ, ಸುಮಾರು 47 ಡಿಗ್ರಿಗೆ, ಸರಿದಿತ್ತು. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಎಂದು ಕರೆಯುವ ಈ ಗ್ರಹ ಆ ವಾರಗಳಲ್ಲಿ, ಚಂದ್ರನನ್ನು ಬಿಟ್ಟರೆ, ರಾತ್ರಿ ಆಕಾಶದ ಅತಿ ಪ್ರಖರ ಕಾಯವಾಗಿತ್ತು. ಜನವರಿ 18ರ ಆಸುಪಾಸಿನಲ್ಲಿ ಹೊಸನಗರದ ಕಡೆ ಸೂರ್ಯ ಮುಳುಗುತ್ತಿದ್ದುದು ಸಂಜೆ ಸುಮಾರು 6.20ಕ್ಕೆ; ಶುಕ್ರ ಬಯಲಿನ ಕ್ಷಿತಿಜದಲ್ಲಿ ಮುಳುಗುತ್ತಿದ್ದುದು 9.40ರ ಸುಮಾರಿಗೆ, ನೇರ ಪಶ್ಚಿಮಕ್ಕಿಂತ ತುಸು ದಕ್ಷಿಣದಲ್ಲಿ. ನಿಮ್ಮ ಗುಡ್ಡದ ನೆತ್ತಿ ಅಂಗಳದಿಂದ ನೋಡಿದಾಗ ಐದಾರು ಡಿಗ್ರಿ ಎತ್ತರದಲ್ಲಿದ್ದರೆ, ಶುಕ್ರ 9.15ರ ಹೊತ್ತಿಗೆ ಅದರ ಹಿಂದೆ ಮರೆಯಾಗಬೇಕು.

ಬೈಕಿನ ಜೊತೆಗೇ ಬಂದಂತೆ ಕಂಡದ್ದು ಅದು ಬಹಳ ದೂರದಲ್ಲಿರುವುದರ ಲಕ್ಷಣ: ಹತ್ತಿರದ ಮರಗಳು ಹಿಂದೆ ಸರಿಯುತ್ತವೆ, ಕೋಟಿಗಟ್ಟಲೆ ಕಿಲೊಮೀಟರ್ ಆಚೆಯದು ಸರಿಯುವುದಿಲ್ಲ. ಕೆಂಪು ಹಸಿರು ಹೊಳಪಿಗೆ ಕಾರಣ, ಕ್ಷಿತಿಜದ ಬಳಿ ಬೆಳಕು ಗಾಳಿಯ ದಪ್ಪ ಪದರದ ಮೂಲಕ ಬರುವಾಗ ಬಣ್ಣಗಳು ಬೇರೆಬೇರೆಯಾಗಿ ಬಾಗುವುದು. ಮಲೆನಾಡಿನ ಕಣಿವೆಗಳಲ್ಲಿ ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ತಳದಲ್ಲಿ ನಿಂತು ಮೇಲೆ ಬೆಚ್ಚನೆಯ ಪದರ ಕೂರುವುದರಿಂದ ಈ ತುಯ್ದಾಟ ಇನ್ನೂ ಹೆಚ್ಚು. ವಿಡಿಯೊದ ತಟ್ಟೆಯನ್ನು ಮಾತ್ರ ಸಾಕ್ಷ್ಯವೆಂದು ಪರಿಗಣಿಸಬೇಡಿ. ಕತ್ತಲಲ್ಲಿ ಚುಕ್ಕೆಯಂತಹ ಬೆಳಕಿಗೆ ಮೊಬೈಲಿನ ಫೋಕಸ್ ತಪ್ಪಿದರೆ ಅದು ದುಂಡಗಿನ ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸುಳಿವನ್ನು ನೀವೇ ಕೊಟ್ಟಿದ್ದೀರಿ: ಎರಡು ದಿನ ಬಿಟ್ಟು, ಅದೇ ಜಾಗದಲ್ಲಿ, ಮತ್ತೆ ಕಂಡಿತು. ವಿಮಾನವೋ ಡ್ರೋನೋ ಹೀಗೆ ಲೆಕ್ಕ ತಪ್ಪದೆ ಬರುವುದು ಅಪರೂಪ.

ಪರೀಕ್ಷೆ ಹೀಗೆ ಮಾಡಿ. ಅಂದು ನಿಂತಿದ್ದ ಜಾಗದಲ್ಲೇ ನಿಂತು, ಬೆಳಕು ಇಳಿದ ಮರ ಅಥವಾ ತಗ್ಗಿನ ದಿಕ್ಕನ್ನು ದಿಕ್ಸೂಚಿಯಿಂದ ಅಳೆಯಿರಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಗುಡ್ಡದ ಎತ್ತರವನ್ನು ಹಾಗೆ ಅಳೆಯಿರಿ. ಬಳಿಕ ಸ್ಟೆಲೇರಿಯಮ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರು, ಆ ದಿನಾಂಕ, ಆ ಸಮಯ ಕೊಟ್ಟು ನೋಡಿ. ಇನ್ನೂ ಒಂದು ಗುರುತು ಹೇಳುತ್ತೇನೆ. ಜನವರಿ 18ರಂದು ಶನಿಗ್ರಹ ಶುಕ್ರನಿಗೆ ಕೇವಲ ಎರಡು ಡಿಗ್ರಿಯಷ್ಟು ಸಮೀಪದಲ್ಲಿತ್ತು. ಪಶ್ಚಿಮಕ್ಕೆ ಮುಖ ಮಾಡಿ ನಿಂತವರಿಗೆ ಆ ಬೆಳಕಿನ ಎಡಬದಿಯಲ್ಲಿ, ಎರಡು ಕಿರುಬೆರಳಿನಷ್ಟು ದೂರದಲ್ಲಿ, ಮಂಕಾದ ನಕ್ಷತ್ರದಂತಹದೊಂದು ಕಂಡಿರಬೇಕು. ನೀವಾಗಲಿ ಮಗನಾಗಲಿ ಅದನ್ನು ಕಂಡ ನೆನಪಿದೆಯೇ ಎಂದು, ಉತ್ತರವನ್ನು ಬಾಯಿಗೆ ಹಾಕದೆ, ಬೇರೆಬೇರೆಯಾಗಿ ಕೇಳಿಕೊಳ್ಳಿ. ಅಳತೆ ಮಾಡಿದ ದಿಕ್ಕು ವಾಯವ್ಯಕ್ಕೋ ನೈರುತ್ಯಕ್ಕೋ ಬಂದರೆ ನನ್ನ ವಿವರಣೆ ಬಿದ್ದುಹೋಗುತ್ತದೆ. ಆಗ ಮಂಗಳೂರಿಗೆ ಇಳಿಯುವ ವಿಮಾನಗಳು, ಭಟ್ಕಳ ಬೈಂದೂರು ಕಡೆಯ ಮೀನುಗಾರಿಕೆ ದೋಣಿಗಳ ದೀಪ, ಗುಡ್ಡದ ಮೇಲಿನ ಟವರ್ ದೀಪ ಇವುಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ.

ಯಾರಿಗೆ ತಿಳಿಸಬೇಕೆಂಬುದು ಕಂಡದ್ದನ್ನು ಅವಲಂಬಿಸಿದೆ. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದ ಸುತ್ತಮುತ್ತ, ಅಣೆಕಟ್ಟು ಅಥವಾ ವಿದ್ಯುದಾಗಾರಗಳ ಮೇಲೆ ಡ್ರೋನಿನಂತಹದು ಸುಳಿದರೆ ತಡಮಾಡದೆ 112ಕ್ಕೆ ಕರೆ ಮಾಡಿ; ಇಂತಹ ವಿಷಯ ವಾಯುಪಡೆಯನ್ನು ಮುಟ್ಟಬೇಕಾದರೂ ಪೊಲೀಸರ ಮೂಲಕ ಹೋಗುವುದೇ ಬೇಗ. ಆಕಾಶದಿಂದ ಏನಾದರೂ ಬಿದ್ದಿದ್ದರೆ ಮುಟ್ಟಬೇಡಿ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಬಿದ್ದ ದೊಡ್ಡ ಲೋಹದ ಬಳೆಯನ್ನು ಇಸ್ರೊ ತಂಡ ಬಂದು ಪರಿಶೀಲಿಸಿತು. ಅದು ಚೀನಾದ ರಾಕೆಟ್ಟಿನ ಅವಶೇಷವೆಂದು ಹೇಳಲಾಗಿದೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಇಳಿದ ಭಾರೀ ಬಲೂನು ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರದ್ದು. ನಿಮ್ಮದರಂತೆ ದೂರದ, ಮೌನವಾದ, ಮರುಕಳಿಸುವ ಬೆಳಕಾದರೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೋ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಬರೆಯುವುದು ಹೆಚ್ಚು ಫಲ ಕೊಡುತ್ತದೆ.

ಇಷ್ಟಾದ ಮೇಲೂ ವಾಯುಪಡೆಯಿಂದಲೇ ಉತ್ತರ ಬೇಕೆನಿಸಿದರೆ ಅದು ನಿಮ್ಮ ಹಕ್ಕು. ಮಾಹಿತಿ ಹಕ್ಕು ಕಾಯ್ದೆ 2005ರ ವಿನಾಯಿತಿ ಪಟ್ಟಿಯಲ್ಲಿ ಡಿಆರ್‌ಡಿಒ, ಎನ್‌ಟಿಆರ್‌ಒ ಸಂಸ್ಥೆಗಳಿವೆ, ವಾಯುಪಡೆ ಇಲ್ಲ. ದೇಶದ ಭದ್ರತೆಗೆ ಸಂಬಂಧಿಸಿದ ಮಾಹಿತಿಯನ್ನು ಸೆಕ್ಷನ್ 8ರ ಅಡಿಯಲ್ಲಿ ನಿರಾಕರಿಸಬಹುದಾದರೂ, ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಅರ್ಜಿಯಲ್ಲಿ ಅದು ಏನೆಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ಇಂತಹ ದಿನಾಂಕ, ಇಂತಹ ಸಮಯದ ನಡುವೆ, ಈ ಪ್ರದೇಶದ ಮೇಲೆ ಗುರುತಿಸಲಾಗದ ಹಾರಾಟದ ವರದಿ ದಾಖಲಾಗಿದೆಯೇ, ಆಗಿದ್ದರೆ ಅದರ ಮೇಲೆ ಕೈಗೊಂಡ ಕ್ರಮದ ಪ್ರತಿ ಕೊಡಿ ಎಂದು ಕೇಳಿ. ಅದಕ್ಕೂ ಮೊದಲು, ನೀವು, ಮಗ ಮತ್ತು ಮನೆಯವರು ಮೂವರೂ ಒಬ್ಬರದನ್ನೊಬ್ಬರು ನೋಡದೆ ಕಂಡದ್ದನ್ನು ಬರೆದು ದಿನಾಂಕ ಹಾಕಿಡಿ; ವಿಡಿಯೊದ ಮೂಲ ಕಡತವನ್ನು, ವಾಟ್ಸ್ಆ್ಯಪ್‌ನಲ್ಲಿ ಹಂಚಿ ಕುಗ್ಗಿದ ಪ್ರತಿಯನ್ನಲ್ಲ, ಹಾಗೆಯೇ ಉಳಿಸಿಕೊಳ್ಳಿ. ದಿಕ್ಕು ಮತ್ತು ಗುಡ್ಡದ ಎತ್ತರದ ಅಳತೆಯನ್ನು ಬರೆದು ಕಳಿಸಿದರೆ ಲೆಕ್ಕವನ್ನು ನಾನೂ ಇನ್ನೊಮ್ಮೆ ಮಾಡಿ ನೋಡುತ್ತೇನೆ.